ತಲಾ ಮೂರು ರೊಟ್ಟಿ

ಶ್ರಾವಣದ ಕೊನೆಯ ವಾರ ಕಲ್ಯಾಣಕ್ಕೆ ನಡೆದು ಬರುವವರಿಗೆ ನಮ್ಮ ಓಣಿಯ ದಾಸೋಹದ ಮನೆಯಲ್ಲಿ ನಾಲ್ಕು ದಿನ ಊಟ. ಅನ್ನ, ಸಾರು, ಪುಂಡಿಪಲ್ಯ, ಹುಗ್ಗಿ ಅಲ್ಲಿಯೇ ದೊಡ್ಡ ಒಲೆಗಳ ಮೇಲೆ ಆಗುತ್ತವೆ. ಜೋಳದ ರೊಟ್ಟಿ ಮಾತ್ರ ಮನೆಮನೆಯಿಂದ ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತದೆ. ಅದನ್ನು ಕೂಡಿಸಿ, ಬುಟ್ಟಿಗೆ ತುಂಬಿ, ಪಂಕ್ತಿಗೆ ಮುಟ್ಟಿಸುವ ಕೆಲಸವನ್ನು ವರ್ಷವರ್ಷ ಮಾಡುತ್ತಿದ್ದ ನಮ್ಮ ಪಕ್ಕದ ಮನೆಯಾಕೆ ಈ ಸಲ ಮಗಳ ಬಾಣಂತನಕ್ಕೆ ಹೋಗಿಬಿಟ್ಟಳು. ಮರುದಿನ ಬೆಳಿಗ್ಗೆ ದೊಡ್ಡಮ್ಮ ನಮ್ಮ ಬಾಗಿಲಿಗೆ ಬಂದು ನಿಂತರು.

“ಈ ಸಲ ರೊಟ್ಟಿ ನೀ ನೋಡ್ಕೊ.”

ಕೇಳಿದ್ದಲ್ಲ, ಹೇಳಿದ್ದು. ದೊಡ್ಡಮ್ಮ ನನಗೆ ರಕ್ತಸಂಬಂಧವಲ್ಲ, ಇಡೀ ಓಣಿಗೇ ದೊಡ್ಡಮ್ಮ. ಈ ರೊಟ್ಟಿಯ ಸೇವೆ ಸುರುವಾದದ್ದೇ ಅವರಿಂದ. ಮಂದಿ ಬರುವ ಹಿಂದಿನ ದಿನ ಅವರು ತಮ್ಮ ಮನೆಯ ಹಿಟ್ಟನ್ನು ಒಂದು ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಹೋಗುತ್ತಾರೆ. ಪ್ರತಿ ಮನೆಯ ಹಿಟ್ಟಿನ ಡಬ್ಬಿಗೆ ಒಂದು ಮುಷ್ಟಿ ಹಾಕಿ, “ಇದನ್ನ ಕೂಡಿಸಿ ನಾದ್ರಿ” ಎನ್ನುತ್ತಾರೆ. ಎಲ್ಲ ಮನೆಯ ಹಿಟ್ಟಿಗೂ ಅವರ ಮುಷ್ಟಿ ಬಿದ್ದರೆ ಅಷ್ಟೂ ರೊಟ್ಟಿ ಒಂದೇ ಒಲೆಯದು ಎಂಬ ಭಾವ. ಆ ಮುಷ್ಟಿ ಹಾಕಿಸಿಕೊಂಡ ಮನೆ ರೊಟ್ಟಿ ಕೊಡದೆ ಇದ್ದದ್ದು ನಾನು ನೋಡಿಲ್ಲ.

ಇನ್ನೊಂದು ನೇಮವೂ ಇದೆ. ಉಣ್ಣಲು ಕೂತವರ ತುತ್ತು ಎಣಿಸಬಾರದು. ಯಾರು ಎಷ್ಟು ತಿಂದರು ಎಂದು ನೋಡುವ ಕಣ್ಣು ದಾಸೋಹಕ್ಕೆ ಸಲ್ಲದು.

ಹಾಗಾದರೆ ಎಷ್ಟು ರೊಟ್ಟಿ ಬೇಕು ಎಂದು ಹೇಗೆ ತಿಳಿಯಬೇಕು? ಅದಕ್ಕೆ ನಮ್ಮ ದಾಸೋಹದ ಕಾರ್ಯದರ್ಶಿಗಳ ಹತ್ತಿರ ಒಂದು ಲೆಕ್ಕ ಇತ್ತು. ಅವರು ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಸಮಾಧಾನದ ಮನುಷ್ಯ. ಹಿಂದಿನ ವರ್ಷ ಬಂದ ರೊಟ್ಟಿಯನ್ನು ಬಂದ ಮಂದಿಯಿಂದ ಭಾಗಿಸಿದರೆ ಮೂರು ಬಂತಂತೆ.

“ತಲಾ ಮೂರು ತಂಗಿ. ಮಂದಿ ಎಷ್ಟೋ ಅದರ ಮೂರು ಪಟ್ಟು ರೊಟ್ಟಿ ತರಸು, ಚಿಂತಿ ಇಲ್ಲ.”

ನಾನು ಹಾಗೇ ಮಾಡಿದೆ. ನಮ್ಮ ಓಣಿಯ ಮನೆಗಳಿಗೆ ಹೇಳಿದೆ, ನನ್ನ ತವರು ಹುಮನಾಬಾದಿಗೆ ಫೋನ್ ಮಾಡಿ ಅಣ್ಣನ ಹೆಂಡತಿ ವೈನಿಗೂ ಹೇಳಿದೆ. ವೈನಿ ಅಲ್ಲಿಯ ಓಣಿಯವರನ್ನು ಕೂಡಿಸಿ ರೊಟ್ಟಿ ಬಡಿದು ಬಸ್ಸಿಗೆ ಹಾಕಿ ಕಳಿಸುವುದು ಮೊದಲಿನಿಂದ ಬಂದ ಪದ್ಧತಿ.

ಮೊದಲ ದಿನ ಬಿಸಿಲು ಹೆಚ್ಚಿರಲಿಲ್ಲ, ಅದೊಂದು ಕರುಣೆ. ಮನ್ನಾಏಖೇಳ್ಳಿ ಕಡೆಯಿಂದ ನಡೆದವರ ಗುಂಪು ಬಂತು. ಅಷ್ಟೇ ಮಂದಿ ಊರವರೂ ಸುತ್ತಿನ ಹಳ್ಳಿಯವರೂ ಆಟೋದಲ್ಲಿ, ಬೈಕಿನಲ್ಲಿ ಪ್ರಸಾದಕ್ಕೆ ಬಂದರು. ಉದ್ದ ಜಮಖಾನ ಹಾಸಿ ಕೂಡಿಸಿದೆವು. ತಲಾ ಮೂರು ಎಂದರೆ ತಲಾ ಮೂರು, ತಟ್ಟೆ ಇಟ್ಟೊಡನೆ ಮೂರು ಮೂರು ರೊಟ್ಟಿ ಹಾಕುತ್ತ ಹೋದೆವು.

ಮೊದಲೆರಡು ಪಂಕ್ತಿ ಚೆಂದ ಆಯಿತು. ಮೂರನೆಯದರಲ್ಲಿ ನಡೆದವರು ಕೂತಿದ್ದರು. ಕಾಲಿಗೆ ಬಟ್ಟೆ ಕಟ್ಟಿಕೊಂಡಿದ್ದ ಒಬ್ಬ ಹೆಣ್ಣುಮಗಳು ಮೂರು ರೊಟ್ಟಿ ಮುಗಿಸಿ ತಲೆ ಎತ್ತಿ ನೋಡಿದಳು.

“ಯಕ್ಕಾ, ಇನ್ನೊಂದೆರಡು ಹಾಕ್ರಿ. ರಾತ್ರಿನಿಂದ ಹೊಟ್ಟಿ ಖಾಲಿ ಅದ.”

ಹಾಕಿದೆ. ಆಕೆಯ ಮಗ್ಗುಲಿನವರೂ ಕೇಳಿದರು, ಅವರಿಗೂ ಹಾಕಿದೆ. ಇಲ್ಲ ಎನ್ನಲು ಬಾಯಿ ಹೇಗೆ ಬಂದೀತು? ಕೊನೆಯ ಪಂಕ್ತಿಗೆ ಹೋಗುವ ಹೊತ್ತಿಗೆ ಬುಟ್ಟಿಯ ತಳದ ಬಟ್ಟೆ ಕಂಡಿತು. ಅಲ್ಲಿ ಕೂತವರೂ ನಡೆದು ಬಂದವರೇ. ಅವರಿಗೆ ಅನ್ನ ಸಾರು ಹಾಕಿದೆವು. ಒಬ್ಬ ಮುದುಕ, “ರೊಟ್ಟಿ ಮುಗದಾವೇನವ್ವಾ? ಇರಲಿ ಬಿಡು, ಶರಣು,” ಎಂದ. ಬೈದಿದ್ದರೆ ತಡೆಯಬಹುದಿತ್ತು.

ತಟ್ಟೆ ತೊಳೆಯುವ ಜಾಗಕ್ಕೆ ಹೋದಾಗ ದೊಡ್ಡಮ್ಮ ಎಂಜಲು ಹಾಕುವ ಡ್ರಮ್ಮಿನ ಹತ್ತಿರ ನಿಂತಿದ್ದರು. ಡ್ರಮ್ಮಿನ ತುಂಬ ರೊಟ್ಟಿ. ಮುರಿಯದ, ಸಾರು ಹತ್ತಿದ, ಪೂರಾ ಪೂರಾ ರೊಟ್ಟಿ. ಆಟೋದಲ್ಲಿ ಬಂದವರು ಮನೆಯಲ್ಲಿ ಚಹಾ ನಾಷ್ಟಾ ಮಾಡಿ ಬಂದವರು. ಒಂದು ತಿಂದು ಎರಡು ಬಿಟ್ಟಿದ್ದರು. ಅತ್ತ ಹಸಿದವರಿಗೆ ರೊಟ್ಟಿ ಇಲ್ಲ, ಇತ್ತ ಡ್ರಮ್ಮು ತುಂಬಿದೆ. ದೊಡ್ಡಮ್ಮ ಸೆರಗನ್ನು ಬಾಯಿಗೆ ಹಿಡಿದು ಒಳಗೆ ಹೋದರು.

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು.

“ಲೆಕ್ಕ ತಪ್ಪಿಲ್ಲ ತಂಗಿ. ಈಗೂ ಭಾಗಿಸಿ ನೋಡು, ತಲಾ ಮೂರೇ ಬರ್ತದ.”

“ಲೆಕ್ಕ ಸರಿ ಇದ್ದೀತ್ರಿ ಅಣ್ಣಾರೆ. ಉಂಡವರು ಸರಿ ಉಣಲಿಲ್ಲಲ್ಲ!”

“ನೋಡವ್ವ, ಕಮಿಟ್ಯಾಗ ಮಾತು ನಡದದ. ಮನಿಮನಿ ರೊಟ್ಟಿ ನಂಬಕೊಂಡು ಕುಂಡರೂದು ಬ್ಯಾಡ, ಕೇಟರಿಂಗ್‌ನವರಿಗೆ ಕೊಟ್ಟು ಬರೇ ಅನ್ನ ಸಾರು ಮಾಡಸೋಣು ಅಂತಾರ. ನಾ ಈ ವರ್ಷ ತಡದೀನಿ. ಮತ್ತ ಹಿಂಗಾದ್ರ ಕಡೀ ದಿನಕ್ಕ ಅವರನ್ನ ಕರಸ್ತಾರ. ಒಮ್ಮೆ ಅವರು ಬಂದ್ರ ಮುಂದಿನ ವರ್ಷನೂ ಅವರೇ.”

ಕಡೆಯ ದಿನ ಎಲ್ಲಕ್ಕಿಂತ ದೊಡ್ಡದು. ಹಳ್ಳಿಖೇಡದ ಗುಂಪು ಅವತ್ತೇ ಬರುವುದು. ಅಂದು ಅನ್ನದ ಡಬರಿ ಹೊರಗಿನಿಂದ ಬಂದರೆ ದೊಡ್ಡಮ್ಮ ಮುಂದಿನ ಶ್ರಾವಣದಲ್ಲಿ ಹಿಟ್ಟಿನ ಚೀಲ ಹಿಡಿದು ಯಾರ ಬಾಗಿಲಿಗೆ ಹೋಗಬೇಕು? ನನಗೆ ಅದೇ ಹತ್ತಿತು.

ಮನೆಗೆ ಬಂದು ಸೊಸೆಯ ಮುಂದೆ ಎಲ್ಲ ಹೇಳಿಕೊಂಡೆ. ನನ್ನ ಸೊಸೆ ಬಿ.ಕಾಂ. ಓದಿದವಳು, ಕಾಲೇಜಿನಲ್ಲಿ ಅವಳಿಗೆ ಸಂಖ್ಯಾಶಾಸ್ತ್ರ ಅಂದರೆ ಜೀವ. ಹಿಟ್ಟು ನಾದುತ್ತಲೇ ಕೇಳಿದಳು:

“ಅತ್ತ್ಯಾರ, ಮೂರೇ ರೊಟ್ಟಿ ಉಂಡು ಎದ್ದವರು ಎಷ್ಟು ಮಂದಿ?”

ನೆನೆಸಿಕೊಂಡೆ. ಊರವರು ಒಂದು ತಿಂದು ಎರಡು ಬಿಟ್ಟಿದ್ದರು. ನಡೆದವರು ಮೂರು ತಿಂದು ಇನ್ನೆರಡು ಕೇಳಿದ್ದರು. ಸರಿಯಾಗಿ ಮೂರಕ್ಕೆ ಕೈ ತೊಳೆದವರು ನೆನಪಿಗೇ ಬರಲಿಲ್ಲ.

“ಯಾರೂ ಇಲ್ಲ ಬಿಡು.”

“ಅದs ಮತ್ತ. ಒಬ್ರು ಐದು, ಒಬ್ರು ಒಂದು. ಕೂಡಿಸಿ ಎರಡರಿಂದ ಭಾಗಿಸಿದ್ರ ಮೂರು. ಕಾರ್ಯದರ್ಶಿ ಕಾಕಾರ ಲೆಕ್ಕ ಖರೇ ಅದ. ಒಟ್ಟು ರೊಟ್ಟಿ ತರಸಲಿಕ್ಕ ಆ ಮೂರು ಬೇಕು. ಆದ್ರ ತಟ್ಟಿಗೆ ಹಾಕಲಿಕ್ಕ ಅದು ಉಪಯೋಗಿಲ್ಲ. ಸರಾಸರಿ ಅಂಬಾಕಿ ಪಂಕ್ತ್ಯಾಗ ಬಂದು ಕುಂತೇ ಇಲ್ಲ!”

ನನಗೆ ನಗು ಬಂತು. ಅವಳು ಹಿಟ್ಟಿನ ಕೈಯಿಂದಲೇ ಪರಾತದ ಅಂಚಿನಲ್ಲಿ ಎರಡು ಗುಡ್ಡೆ ಮಾಡಿ ತೋರಿಸಿದಳು. ಬಹಳ ಮಂದಿ ಯಾವ ಅಂಕಿಗೆ ಬಂದು ನಿಲ್ಲುತ್ತಾರೋ ಅದಕ್ಕೆ ಬಹುಲಕ ಅನ್ನುತ್ತಾರಂತೆ. ನಮ್ಮ ದಾಸೋಹಕ್ಕೆ ಬಹುಲಕ ಎರಡು ಇವೆ, ಒಂದು ಮತ್ತು ಐದು. ಎಲ್ಲರನ್ನೂ ಕಮ್ಮಿ ತಿನ್ನುವವರಿಂದ ಹೆಚ್ಚು ತಿನ್ನುವವರ ತನಕ ಸಾಲಾಗಿ ನಿಲ್ಲಿಸಿ ನಟ್ಟನಡುವಿನವರನ್ನು ಹಿಡಿದರೆ ಅದು ಮಧ್ಯಾಂಕ. ಅದೂ ಇಲ್ಲಿ ಎರಡು ಗುಡ್ಡೆಗಳ ನಡುವಿನ ತಗ್ಗಿಗೆ ಬೀಳುತ್ತದೆ.

“ನಮ್ಮ ಮನ್ಯಾಗ ಮಾವ್ನೋರಿಗೂ ನಿಮ್ಮ ಮಮ್ಮಗಳಿಗೂ ಸರಾಸರಿ ತಗದು ತಲಾ ಎರಡೂವರಿ ರೊಟ್ಟಿ ಬಡಸ್ರಿ, ನೋಡೋಣು,” ಎಂದಳು.

“ನಿಮ್ಮ ಮಾವ ಮನಿ ಬಿಟ್ಟು ಹೋಗ್ತಾರ.”

“ಕೂಸು ಅಳ್ತದ, ಮಾವ್ನೋರು ಬೈತಾರ. ಲೆಕ್ಕ ಮಾತ್ರ ಸರಿ ಇರ್ತದ.”

ಎರಡನೆಯ ದಿನ ನಡೆದವರನ್ನು ಬೇರೆ ಪಂಕ್ತಿಯಲ್ಲಿ, ಊರವರನ್ನು ಬೇರೆ ಪಂಕ್ತಿಯಲ್ಲಿ ಕೂಡಿಸಿದೆವು. ಊರವರಿಗೆ ಒಂದೊಂದೇ, ನಡೆದವರಿಗೆ ಮೂರು ಮೂರು ಹಾಕಿ, ಕೇಳಿದವರಿಗೆ ಮತ್ತೆ ಹಾಕಿದೆವು. ಸೊಸೆಯೂ ಬಂದಳು. ಅವಳಿಗೆ ಒಂದು ಮತ್ತು ಐದು ಹೌದೋ ಅಲ್ಲವೋ ಖಾತ್ರಿ ಮಾಡಿಕೊಳ್ಳಬೇಕಿತ್ತು. ಕಂಬದ ಹತ್ತಿರ ನಿಂತು, ಬಡಿಸಿದಂತೆಲ್ಲ ಮೊಬೈಲಿನಲ್ಲಿ ಒತ್ತುತ್ತ ಹೋದಳು. ದೊಡ್ಡಮ್ಮ ದೂರದಿಂದ ನೋಡಿದವರು ಸೀದಾ ಬಂದು ಅವಳ ಮೊಬೈಲಿನ ಮೇಲೆ ಕೈ ಇಟ್ಟರು.

“ಏನ್ ಮಾಡಾಕತ್ತೀಯವ್ವಾ?”

“ರೊಟ್ಟಿ ಎಣಸಾಕತ್ತೇನಿ ಅಮ್ಮಾ.”

“ಉಣ್ಣೋರ ತುತ್ತು ಎಣಸ್ತೀಯಾ? ನಿನಗ ಯಾರರ ಹಿಂಗ ಎಣಸಿ ಹಾಕಿದ್ರ ಉಂಡೀಯೇನು?”

ಸೊಸೆಯ ಮುಖ ಸಣ್ಣದಾಯಿತು. ಮೊಬೈಲ್ ಮುಚ್ಚಿ ಸೆರಗಿಗೆ ಸಿಕ್ಕಿಸಿಕೊಂಡು ನೀರು ಬಡಿಸಲು ಹೋದಳು. ನಾನು ನಡುವೆ ಬಾಯಿ ಹಾಕಲಿಲ್ಲ. ದೊಡ್ಡಮ್ಮನ ಮಾತು ಸರಿ ಇತ್ತು, ಸೊಸೆಯ ಉದ್ದೇಶವೂ ಸರಿ ಇತ್ತು.

ಆ ದಿನ ಎಂಜಲಿನ ಡ್ರಮ್ಮಿನಲ್ಲಿ ರೊಟ್ಟಿ ಕಾಣಲಿಲ್ಲ, ಅಷ್ಟು ಪುಣ್ಯ. ಆದರೂ ಕಡೆಯ ಪಂಕ್ತಿಗೆ ಮತ್ತೆ ಕಮ್ಮಿ ಬಿತ್ತು. ತಲಾ ಮೂರರ ಲೆಕ್ಕದಲ್ಲಿ ಮಂದಿ ಎಷ್ಟೋ ಅಷ್ಟಕ್ಕೇ ಬಂದಿದ್ದವು, ಒಂದೂ ಬಿಡದೆ ಎಣಿಸಿ ತೆಗೆದುಕೊಂಡಿದ್ದೆ. ನಡೆದವರು ಅವತ್ತು ಐದಲ್ಲ, ಆರು ಏಳು ತಿಂದರು. ಇವರ ಹಸಿವು ಒಂದೇ ದಿನಕ್ಕೆ ಹೇಗೆ ಹೆಚ್ಚಿತು ಎಂದು ತಲೆ ಕೆಟ್ಟಿತು.

ಕಾರ್ಯದರ್ಶಿಗಳು ಅವತ್ತು ತಮ್ಮದೇ ಒಂದು ಉಪಾಯ ಮಾಡಿದ್ದರು. ತುತ್ತು ಎಣಿಸುವಂತಿಲ್ಲವಲ್ಲ, ಅದಕ್ಕೆ ಪ್ರತಿ ಪಂಕ್ತಿ ಎದ್ದ ಮೇಲೆ ಬಡಿಸಿದವರನ್ನು ಕರೆದು, “ಹಸಿವಿ ಹ್ಯಾಂಗಿತ್ತು? ಕಮ್ಮಿಯೋ, ಮಾಫಕೋ, ಭಾಳೋ?” ಎಂದು ಕೇಳುವುದು. ಕಮ್ಮಿಗೆ ಒಂದು, ಮಾಫಕಿಗೆ ಎರಡು, ಭಾಳಕ್ಕೆ ಮೂರು. ಸಂಜೆ ಎಲ್ಲ ಕೂಡಿಸಿ ಭಾಗಿಸಿದರು.

“ಎರಡು ಬಂತು. ಮಾಫಕ. ಅಂದ್ರ ಹಸಿವಿ ಮಾಫಕ ಅದ, ತಲಾ ಮೂರು ಸಾಕಾಗಬೇಕಿತ್ತು.”

ಸೊಸೆ ಮೆಲ್ಲಗೆ ಕೇಳಿದಳು: “ಕಾಕಾ, ಈ ಒಂದು ಎರಡು ಮೂರು ಅಂಬೋದು ಯಾರ ಹಿಂದ ಯಾರು ಅಂತ ಹೇಳೋ ನಂಬರು. ‘ಭಾಳ’ ಅಂದ್ರ ‘ಕಮ್ಮಿ’ದು ಮೂರು ಪಟ್ಟೋ ಐದು ಪಟ್ಟೋ ಅದಕ್ಕ ಗೊತ್ತಿಲ್ಲಲ್ರಿ. ಅಂಥಾದ್ದನ್ನ ಹ್ಯಾಂಗ ಕೂಡಸ್ತೀರಿ?”

“ಮತ್ತ ನಂಬರ್ ಅಂದ್ಮ್ಯಾಲೆ ಕೂಡಸಬ್ಯಾಡೇನು?”

“ಎಲ್ಲಾ ನಂಬರ್ ಕೂಡಸಾಕ ಬರಂಗಿಲ್ರಿ. ಹುಮನಾಬಾದ ಬಸ್ಸಿನ ನಂಬರಿಗೂ ಕೊಹಿನೂರ ಬಸ್ಸಿನ ನಂಬರಿಗೂ ಸರಾಸರಿ ತಗದ್ರ ಆ ಬಸ್ಸು ಎಲ್ಲಿಗಿ ಹೋದೀತು?”

ಕಾರ್ಯದರ್ಶಿಗಳು ಒಂದು ಗಳಿಗೆ ಅವಳನ್ನೇ ನೋಡಿ ಜೋರಾಗಿ ನಕ್ಕುಬಿಟ್ಟರು. “ಹಾದ್ಯಾಗ ಕೆಟ್ಟು ನಿಲ್ತದ ಬಿಡು!” ನಗು ನಿಂತ ಮೇಲೆ ಮಾತ್ರ ಖರೆ ಮಾತು ಹೇಳಿದರು. ಕಮಿಟಿಯವರು ಕೇಟರಿಂಗ್‌ನವರೊಂದಿಗೆ ಮಾತಾಡಿಬಿಟ್ಟಿದ್ದಾರೆ. ನಾಳೆ ಸಂಜೆಯೊಳಗೆ ಕಡೆಯ ದಿನದ ರೊಟ್ಟಿಯ ನಂಬಿಕೆಯ ಲೆಕ್ಕ ಕೊಟ್ಟರೆ ಸರಿ, ಇಲ್ಲದಿದ್ದರೆ ಅವರಿಗೆ ಹೂಂ ಅನ್ನಬೇಕು.

ಮನೆಗೆ ಹೋಗುವಾಗ ಖಾಲಿ ಬುಟ್ಟಿಗಳನ್ನು ನಾನೇ ಎತ್ತಿಕೊಂಡೆ. ಒಂದರಲ್ಲಿ ವೈನಿ ಕಳಿಸಿದ ರೊಟ್ಟಿಯ ಮುರುಕು ಉಳಿದಿತ್ತು. ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಂಡಂತಾಯಿತು. ಆಗ ತಲೆಯಲ್ಲಿ ಏನೋ ಹೊಳೆಯಿತು. ಮೊದಲ ದಿನ ಬಂದದ್ದು ಬಹಳಷ್ಟು ನಮ್ಮ ಓಣಿಯ ರೊಟ್ಟಿ, ದಪ್ಪ, ಮೆತ್ತಗೆ. ಎರಡನೆಯ ದಿನದ್ದು ಬಹಳಷ್ಟು ಹುಮನಾಬಾದಿನದು, ತೆಳ್ಳಗೆ, ಒಣಗಿಸಿದ ಕಡಕ್ ರೊಟ್ಟಿ. ಅಲ್ಲೇ ನಿಂತು ವೈನಿಗೆ ಫೋನ್ ಹಚ್ಚಿದೆ.

“ವೈನಿ, ಒಂದು ಕಿಲೋ ಹಿಟ್ಟಿಗೆ ನಿಮ್ಮ ರೊಟ್ಟಿ ಎಷ್ಟಾಗ್ತಾವ?”

“ಇಪ್ಪತ್ತು. ಯಾಕ, ಏನಾತು?”

“ನಮ್ಮ ಓಣ್ಯಾಗ ಹದಿನಾಲ್ಕು.”

“ಅವು ರೊಟ್ಟಿನೋ ಹಂಚಿನ ಬಿಲ್ಲಿನೋ? ನಮ್ಮವು ಎಲಿ ಹಂಗ ಇರ್ತಾವ, ಬಾಯಾಗ ಇಟ್ರ ಕರಗಬೇಕು.”

“ಅವು ಬಾಯಾಗ ಕರಗ್ಯಾವ, ಹೊಟ್ಟಿ ತುಂಬಿಲ್ರಿ ವೈನಿ!”

ನಾವು ಎಣಿಸುತ್ತಿದ್ದದ್ದು ರೊಟ್ಟಿಯನ್ನು. ಆದರೆ ಒಂದು ರೊಟ್ಟಿ ಇನ್ನೊಂದರ ಸಮ ಇರಲಿಲ್ಲ. ಹತ್ತಿರ ಹತ್ತಿರ ನಮ್ಮ ಐದು ಅವರ ಏಳಕ್ಕೆ ಸಮ. ಸೊಸೆಗೆ ಹೇಳಿದೆ. ಅವಳು ಚಪ್ಪಾಳೆ ತಟ್ಟಿದಳು.

“ಹಂಗಾದ್ರ ಎಣಸೂದು ಬಿಟ್ಟು ತೂಗಬೇಕು ಅತ್ತ್ಯಾರ. ವಜನಕ್ಕ ಸೊನ್ನಿ ಅಂದ್ರ ಏನೂ ಇಲ್ಲ, ಎರಡು ಕಿಲೋ ಅಂದ್ರ ಒಂದರ ದುಪ್ಪಟ್ಟು. ಅದನ್ನ ಕೂಡಸಬಹುದು, ಭಾಗಸಬಹುದು, ಎಷ್ಟು ಪಟ್ಟು ಅಂತನೂ ಹೇಳಬಹುದು.”

“ತಟ್ಟಿ ತೂಗಿದ್ರ ದೊಡ್ಡಮ್ಮ ನಮ್ಮಿಬ್ಬರನ್ನೂ ಹೊರಗ ಹಾಕ್ತಾರ.”

ದೇವರ ಮುಂದೆ ದೀಪ ಹಚ್ಚುವಾಗ ನನಗೆ ದಾರಿ ಕಂಡಿತು. ಇದನ್ನು ಬೇರೆ ಯಾರೋ ತೋರಿಸಿದರು ಎಂದೇ ನಂಬಿದ್ದೇನೆ, ನನ್ನ ಬುದ್ಧಿ ಅಷ್ಟು ಚುರುಕಲ್ಲ. ತಟ್ಟೆಯ ಕಡೆ ನೋಡುವುದೇ ಬೇಡ. ಬುಟ್ಟಿ ನೋಡೋಣ. ಪಂಕ್ತಿಗೆ ಹೋಗುವ ಮೊದಲು ಬುಟ್ಟಿ ತೂಗುವುದು, ಪಂಕ್ತಿ ಎದ್ದ ಮೇಲೆ ಉಳಿದದ್ದು ತೂಗುವುದು. ಯಾರು ಎಷ್ಟು ತಿಂದರು ಎಂಬುದು ಉಂಡವರಿಗೂ ದೇವರಿಗೂ ಮಾತ್ರ ಗೊತ್ತು. ಜಮಖಾನಗಳೆಲ್ಲ ಒಂದೇ ಉದ್ದ, ಒಂದರ ಮೇಲೆ ಇಪ್ಪತ್ತೈದು ಮಂದಿ ಕೂಡುತ್ತಾರೆ. ಅಷ್ಟು ಸಾಕು.

ಬೆಳಿಗ್ಗೆ ದೊಡ್ಡಮ್ಮನ ಮನೆಗೆ ಹೋಗಿ ಕಾಲು ಮುಟ್ಟಿ ಹೇಳಿದೆ.

“ಬುಟ್ಟಿ ನಮ್ದು,” ಎಂದರು. “ನಮ್ಮ ಬುಟ್ಟಿ ನಾವು ತೂಗಿದ್ರ ತಪ್ಪಿಲ್ಲ. ಆದ್ರ ಉಣ್ಣೋರ ಕಣ್ಣಿಗಿ ತೂಗೋ ಕಾಟಾ ಬೀಳಬಾರದು. ಅಡಗಿ ಮನಿ ಹಿಂದ ಇಡ್ರಿ.”

ಕಾಟಾ ಎಲ್ಲಿಂದ ತರಬೇಕು? ಓಣಿಯ ಮೂಲೆಯಲ್ಲಿ ಕಾಯಿಪಲ್ಯ ಮಾರುವ ಚಾಚಾನ ಹತ್ತಿರ ಅಂಕಿ ತೋರಿಸುವ ಕಾಟಾ ಇದೆ. ಕೇಳಿದೆ.

“ಒಯ್ಯಿ ಬಹೆನ್, ಬಾಡಿಗಿ ಗೀಡಿಗಿ ಬ್ಯಾಡ. ದೇವರ ಕೆಲಸಕ್ಕ ಹೋಗಿ ಬಂದ್ರ ಇದೂ ಜರಾ ಈಮಾನ್ ಕಲೀತದ,” ಎಂದು ತಾನೇ ಎತ್ತಿ ಆಟೋದಲ್ಲಿ ಇಟ್ಟ. ಹಿಂದೆಯಿಂದ ಕೂಗಿ ಹೇಳಿದ: “ಪೈಲೆ ಖಾಲಿ ಬುಟ್ಟಿ ಇಡು, ಈ ಬಟನ್ ಒತ್ತಿ ಸೊನ್ನಿ ಮಾಡು, ಆಮ್ಯಾಲೆ ರೊಟ್ಟಿ ತುಂಬು! ಇಲ್ಲಂದ್ರ ಬುಟ್ಟೀನೂ ಉಂಡ್ರು ಅಂತ ತೋರಸ್ತದ!”

ಮೂರನೆಯ ದಿನ ಅಡುಗೆಮನೆಯ ಹಿಂದೆ ಸೊಸೆ ಕಾಟಾದ ಮುಂದೆ ಕೂತಳು, ನಾನು ಬುಟ್ಟಿ ಒಯ್ಯುವುದು ತರುವುದು. ಬಡಿಸುವ ರೀತಿಯನ್ನೂ ಬದಲಿಸಿದೆವು. ಮೂರು ಮೂರು ಹಾಕುವುದು ಪೂರಾ ಬಂದ್. ಊರವರಿಗೆ ಮೊದಲು ಅರ್ಧ, ನಡೆದವರಿಗೆ ಮೊದಲು ಎರಡು, ಆಮೇಲೆ ಬುಟ್ಟಿ ಹಿಡಿದು ಸುತ್ತುತ್ತಲೇ ಇರುವುದು. ಬೇಕೆಂದವರಿಗೆ ಬೇಕೆಂದಷ್ಟು.

ಮೊದಲ ತೂಕದಲ್ಲಿಯೇ ಎಡವಿದೆವು. ಒಂದು ಪಂಕ್ತಿಗೆ ನಮ್ಮ ಓಣಿಯ ಮೆತ್ತನೆಯ ರೊಟ್ಟಿ ಹೋಗಿತ್ತು, ಅದರ ಮುಂದಿನ ಪಂಕ್ತಿಗೆ ಹುಮನಾಬಾದಿನ ಕಡಕ್. ಎರಡೂ ನಡೆದವರ ಪಂಕ್ತಿಯೇ, ಎರಡಕ್ಕೂ ಹೊಟ್ಟೆ ತುಂಬಿತ್ತು. ಆದರೆ ಕಾಟಾ ಮೆತ್ತನೆಯದರ ಕಡೆ ಬಹಳ ಹೆಚ್ಚು ತೋರಿಸಿತು. ಸೊಸೆ ಗುಂಡಿ ಒತ್ತಿ ಒತ್ತಿ ನೋಡಿದಳು.

“ಕಾಟಾ ಕೆಟ್ಟದೇನ್ರಿ?”

ದಿನಾ ಹಿಟ್ಟು ನಾದುವ ಕೈಗೆ ಇದು ತಿಳಿಯದೆ ಇರುತ್ತದೆಯೇ? “ಕಾಟಾ ಕೆಟ್ಟಿಲ್ಲ, ನೀರು. ಮೆತ್ತನ ರೊಟ್ಯಾಗ ನೀರು ಉಳಿದಿರ್ತದ. ಕಡಕ್ ರೊಟ್ಟಿ ಒಣಗಿ ನೀರೆಲ್ಲಾ ಹೋಗಿರ್ತದ. ನಾವು ನೀರು ತೂಗಾಕತ್ತೀವಿ.”

ಹೀಗಾಗಿ ಕಡಕ್ ರೊಟ್ಟಿಯ ಬುಟ್ಟಿ ಬೇರೆ, ಮೆತ್ತನೆಯದರ ಬುಟ್ಟಿ ಬೇರೆ ಮಾಡಿದೆವು. ನಾದುವ ಮೊದಲಿನ ಒಣ ಹಿಟ್ಟು ಎಷ್ಟು, ಬೆಂದ ಮೇಲೆ ರೊಟ್ಟಿ ಎಷ್ಟು ಎಂದು ಎರಡು ಬಗೆಯದನ್ನೂ ಅಲ್ಲಿಯ ಒಲೆಯ ಮೇಲೆ ಒಂದೊಂದು ಕಿಲೋ ಮಾಡಿಸಿ ತೂಗಿ ನೋಡಿದೆವು. ಆಮೇಲೆ ಎಲ್ಲವನ್ನೂ ಹಿಟ್ಟಿನ ಲೆಕ್ಕಕ್ಕೆ ತಂದೆವು. ರೊಟ್ಟಿ ಎಂಥದಾದರೂ ಇರಲಿ, ಹೊಟ್ಟೆಗೆ ಹೋಗುವುದು ಹಿಟ್ಟು ತಾನೆ. ಸಂಜೆ ಕೂತು ನೋಡಿದರೆ ಪಂಕ್ತಿಗಳು ಎಷ್ಟು ಚೆಂದ ಬೇರೆಯಾಗಿ ನಿಂತಿದ್ದವು! ನಡೆದವರ ಒಂದು ಜಮಖಾನ, ಊರವರ ಒಂದು ಜಮಖಾನದ ಹತ್ತಿರ ಹತ್ತಿರ ಐದು ಪಟ್ಟು ಹಿಟ್ಟು ಉಂಡಿತ್ತು. ಡ್ರಮ್ಮು ನೋಡಿ ಹೇಳಿದ ಒಂದು ಮತ್ತು ಐದು ಸುಳ್ಳಾಗಿರಲಿಲ್ಲ.

ಆ ದಿನ ಎಲ್ಲರಿಗೂ ರೊಟ್ಟಿ ಸಿಕ್ಕಿತು. ಆದರೆ ಮಂದಿಯೂ ಕಡಿಮೆ ಇದ್ದರು, ಅದನ್ನೂ ಹೇಳಬೇಕು.

ಕಾರ್ಯದರ್ಶಿಗಳು ಬಂದು ಕುರ್ಚಿ ಎಳೆದುಕೊಂಡರು. ನಾಳೆ ಬರುವವರು ಯಾರು ಎಂದು ಅವರಿಗೆ ಗೊತ್ತಿತ್ತು. ನಾಲ್ಕು ಮಂದಿಯಲ್ಲಿ ಮೂವರು ನಡೆದು ಬರುವವರು, ಒಬ್ಬರು ಊರವರು. ಸೊಸೆ ಹೇಳಿಕೊಡಲು ಹೋಗಲಿಲ್ಲ, ಅವರೇ ಗಟ್ಟಿಯಾಗಿ ಲೆಕ್ಕ ಹಾಕಿದರು.

“ಮೂರೈದಲೆ ಹದಿನೈದು. ಒಂದು ಕೂಡಿಸಿದ್ರ ಹದಿನಾರು. ನಾಲ್ಕರಿಂದ ಭಾಗಿಸಿದ್ರ... ತಲಾ ನಾಲ್ಕು!” ಕನ್ನಡಕದ ಮೇಲಿಂದ ನೋಡಿದರು. “ಅಂದ್ರ ನಾ ಮೂರರ ಲೆಕ್ಕದಾಗ ತರಿಸಿದ್ದರ ನಾಳಿ ದೊಡ್ಡ ಅನಾಹುತ ಆಗ್ತಿತ್ತು.”

“ಮಂದಿ ಬದಲಾದ್ರ ಸರಾಸರೀನೂ ಬದಲಾಗ್ತದ ಕಾಕಾ. ಹೋದ ವರ್ಷದ ಮೂರು ಹೋದ ವರ್ಷದ ಮಂದೀದು.”

ಅವರು ಒಪ್ಪಿದರು, ಆ ನಾಲ್ಕನ್ನು ನಮ್ಮ ಓಣಿಯ ರೊಟ್ಟಿಯ ಅಳತೆಯಲ್ಲಿ ಕಿಲೋ ಹಿಟ್ಟಿಗೆ ತಂದು ಬರೆದುಕೊಂಡರು. ಆದರೂ ಗುಮಾಸ್ತಿಕೆ ಮಾಡಿದ ಮನುಷ್ಯ, ಪೂರಾ ಕೈ ಬಿಡಲಿಲ್ಲ. ಕೇಟರಿಂಗ್‌ನವರಿಗೆ ತಯಾರಿರಲು ಹೇಳಿರುತ್ತೇನೆ, ನಾಳೆ ಮಧ್ಯಾಹ್ನ ಊಟ ಸುರುವಾದ ಮೇಲೆ ನೋಡಿ ಫೋನ್ ಮಾಡುತ್ತೇನೆ ಎಂದರು. ದೊಡ್ಡಮ್ಮ ಅದನ್ನು ಕೇಳಿಸಿಕೊಂಡು ಎದ್ದರು. ಮನೆಗೆ ಹೋಗಿ ಹಿಟ್ಟಿನ ಚೀಲ ತಂದರು. ವರ್ಷಕ್ಕೆ ಒಂದೇ ಸಲ ಸುತ್ತುವವರು ಆ ಸಂಜೆ ಎರಡನೆಯ ಸಲ ಮನೆಮನೆ ಸುತ್ತಿದರು, ನಾನು ಜೊತೆಗೆ. ಒಂದು ಮನೆಯಾಕೆ ಸಿಟ್ಟಿನಿಂದಲೇ ಕೇಳಿದಳು:

“ಇಷ್ಟು ರೊಟ್ಟಿ ಅನ್ನೂದು ಬಿಟ್ಟು ಇಷ್ಟು ಕಿಲೋ ಹಿಟ್ಟು ಅಂತೀರಲ್ಲ, ತೂಗಿ ಯಾರರ ದಾನ ಮಾಡ್ತಾರೇನು?”

“ನೀ ತೂಗಬ್ಯಾಡ ತಂಗಿ,” ಎಂದೆ. “ನಿಮ್ಮ ಡಬ್ಬಿಲೆ ಎರಡು ಡಬ್ಬಿ ತಗೋ. ತೂಗೋ ಪಾಪ ನನಗಿರಲಿ.”

ದೊಡ್ಡಮ್ಮ ಆಕೆಯ ಡಬ್ಬಿಗೆ ಮುಷ್ಟಿ ಹಿಟ್ಟು ಹಾಕಿದರು. ಅಲ್ಲಿಗೆ ಮಾತು ಮುಗಿಯಿತು.

ಕಡೆಯ ದಿನ ಬೆಳಿಗ್ಗೆಯಿಂದ ಮಳೆ ಹಿಡಿಯಿತು. ಹುಮನಾಬಾದಿನ ಗಂಟು ಹೊತ್ತ ಬಸ್ಸು ತಡವಾದರೂ ಬಂತು. ವೈನಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಿದ್ದರಿಂದ ಒಂದು ರೊಟ್ಟಿಯೂ ತೊಯ್ದಿರಲಿಲ್ಲ. ಅದಕ್ಕೆ ಅವರಿಗೆ ನೂರು ಶರಣು. ತೂಗಿ ನೋಡಿದರೆ ಹಿಟ್ಟಿನ ಲೆಕ್ಕಕ್ಕೆ ಬೇಕಾದಷ್ಟಿತ್ತು, ಅದರ ಮೇಲೊಂದು ಬುಟ್ಟಿ ಹೆಚ್ಚಿಗೆ ಇತ್ತು.

ಮಧ್ಯಾಹ್ನಕ್ಕೆ ಹಳ್ಳಿಖೇಡದ ಗುಂಪು ತೊಯ್ದು ತಪ್ಪಡಿಯಾಗಿ ಬಂದಿತು. ದಾರಿಯಲ್ಲಿ ಕಬ್ಬಿನ ಹೊಲದ ಬದುವಿಗೂ ನಿಲ್ಲಲು ಜಾಗ ಸಿಕ್ಕಿರಲಿಲ್ಲವಂತೆ. ಅವರ ಹಿಂದೆಯೇ ಉಳಿದ ಗುಂಪುಗಳು. ನೋಡಿದೆಡೆಯೆಲ್ಲ ನಡೆದವರೇ. ಮಳೆಗೆ ಹೆದರಿ ಊರವರು, ಆಟೋದವರು ಯಾರೂ ಬಂದಿರಲಿಲ್ಲ.

ಕಾರ್ಯದರ್ಶಿಗಳು ಚಪ್ಪರದ ತುಂಬ ಕಣ್ಣಾಡಿಸಿದರು. ಅಡುಗೆಮನೆಯ ಹಿಂದೆ ಓಡಿ ಬಂದರು.

“ಎಲ್ಲಾ ನಡದವರೇ ಬಂದಾರ! ಊರವರು ಇಲ್ಲೇ ಇಲ್ಲ! ತಲಾ ನಾಲ್ಕು ಅಂತ ತರಿಸೀವಿ, ಈಗ ಸರಾಸರಿ ಐದಕ್ಕ ಹೋತು. ನಾ ಫೋನ್ ಮಾಡ್ತೀನಿ.”

ಮೊಬೈಲ್ ಕಿವಿಗೆ ಹೋಗಿಯೇಬಿಟ್ಟಿತ್ತು. ನನಗೂ ಅದು ಖರೆ ಅನ್ನಿಸಿತು, ನಾಲ್ಕಕ್ಕಿಂತ ಐದು ಹೆಚ್ಚೇ ಅಲ್ಲವೇ? ಸೊಸೆ ಕಾಟಾದ ಮುಂದಿನಿಂದ ಎದ್ದು ನಿಂತಳು.

“ಕಾಕಾ, ತಡೀರಿ. ನಡದವರು ನಿನ್ನೆ ಹೇಳಿದ್ದಕ್ಕಿಂತ ಹೆಚ್ಚಿಗಿ ಬಂದಾರೇನ್ರಿ?”

“ಇಲ್ಲ. ಹೇಳಿದಷ್ಟೇ ಬಂದಾರ.”

“ಅವರಿಗೆ ಐದರಂಗ ನಾವು ನಿನ್ನೇನೇ ಹಿಡದೀವಿ. ಊರವರಿಗೆ ಅಂತ ಒಂದೊಂದು ಹಿಡದಿದ್ವಿ, ಅವರು ಬಂದಿಲ್ಲ. ಅಂದ್ರ ಅವರವು ಉಳೀತಾವ. ಸರಾಸರಿ ಮ್ಯಾಲೆ ಹೋಗಿದ್ದು ಉಣ್ಣೋರು ಹೆಚ್ಚಾಗಿ ಅಲ್ರಿ, ಕಮ್ಮಿ ಉಣ್ಣೋರು ಬರದs. ಬುಟ್ಟಿ ಅಷ್ಟೇ ಅದ, ಹಸಿವಿ ಅಷ್ಟೇ ಅದ.”

ಅವರು ಮೊಬೈಲ್ ಹಿಡಿದುಕೊಂಡೇ ತುಟಿಯಲ್ಲಿ ಲೆಕ್ಕ ಮಾಡಿದರು. ಆ ಕಡೆಯಿಂದ ಯಾರೋ “ಹಲೋ, ಹಲೋ” ಎನ್ನುತ್ತಿದ್ದದ್ದು ನಮಗೂ ಕೇಳಿತು. ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು.

“ಹಾಂ, ನಾ ಮಾತಾಡಾಕತ್ತೇನಿ,” ಎಂದರು ಕಾರ್ಯದರ್ಶಿಗಳು ಫೋನಿಗೆ. “ಬ್ಯಾಡ್ರಿ. ಅಕ್ಕಿ ಹಾಕಬ್ಯಾಡ್ರಿ. ನಮ್ಮಲ್ಲಿ ರೊಟ್ಟಿ ಅವ.”

ಪಂಕ್ತಿ ಮೇಲೆ ಪಂಕ್ತಿ ಕೂತಿತು. ಮಳೆಯಲ್ಲಿ ನಡೆದ ಹೊಟ್ಟೆ ನಮ್ಮ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಕೇಳಿತು. ಊರವರ ಪಾಲೂ ಹೋಯಿತು, ಹೆಚ್ಚಿಗೆ ಇಟ್ಟ ಬುಟ್ಟಿಗೂ ಕೈ ಹಾಕಿದೆವು. ಕಡೆಯ ಪಂಕ್ತಿಗೆ ಹೋಗುವಾಗ ಬುಟ್ಟಿಯ ತಳವನ್ನು ಎರಡು ಸಲ ನೋಡಿಕೊಂಡೆ, ಸುಳ್ಳು ಯಾಕೆ ಹೇಳಲಿ. ಎರಡು ಹಾಕಿದೆ, ಸುತ್ತಿ ಬಂದೆ, ಮತ್ತೆ ಹಾಕಿದೆ. ಹಳ್ಳಿಖೇಡದ ಎತ್ತರದ ಮನುಷ್ಯನೊಬ್ಬ ಎಲ್ಲರೂ ಕೈ ತೊಳೆಯಲು ಎದ್ದ ಮೇಲೂ ಕೂತಿದ್ದ. ಪುಂಡಿಪಲ್ಯ ತಟ್ಟೆಯಲ್ಲಿ ಉಳಿದಿತ್ತು. ನಾಚಿಕೆಯಿಂದ ಕೇಳಿದ:

“ಇದ್ರ ಒಂದು ಕೊಡ್ರಿ. ಇಲ್ಲಂದ್ರ ನಡೀತದ.”

ನಾನು ತಿರುಗುವ ಮೊದಲೇ ಕಾರ್ಯದರ್ಶಿಗಳು ಬುಟ್ಟಿ ಹಿಡಿದು ಬಂದಿದ್ದರು. “ಒಂದ್ಯಾಕ, ಎರಡು ತಗೋರಿ. ಇಲ್ಲ ಅನ್ನೂ ಮಾತ್ಯಾಕ!”

ಅವನು ಉಂಡು ಎದ್ದ ಮೇಲೆ ಬಡಿಸಿದವರು ಕೂತೆವು. ಬುಟ್ಟಿಯಲ್ಲಿ ಉಳಿದದ್ದು ಕಡಕ್ ರೊಟ್ಟಿಯ ಕೆಲವು ಪೂರಾ, ಒಂದಷ್ಟು ಮುರುಕು. ಹುಗ್ಗಿ ಬೇಕಾದಷ್ಟು ಇತ್ತು, ಸಾರು ಬಿಸಿ ಇತ್ತು, ಹೊರಗೆ ಮಳೆ ನಿಂತಿತ್ತು. ಇದಕ್ಕಿಂತ ಹೆಚ್ಚು ಬೇಡುವುದು ದುರಾಸೆ. ಕಾಲು ಚಾಚಿ ಗೋಡೆಗೆ ಒರಗಿದಾಗ ನನ್ನ ಬೆನ್ನು ಎಂಥ ಸುಖ ಕಂಡಿತೋ ಹೇಳಲಾರೆ.

ದೊಡ್ಡಮ್ಮ ಸೊಸೆಯನ್ನು ತಮ್ಮ ಮಗ್ಗುಲಿಗೇ ಕೂಡಿಸಿಕೊಂಡಿದ್ದರು. ಹುಗ್ಗಿಗೆ ತುಪ್ಪ ಹಾಕುತ್ತ ಕೇಳಿದರು:

“ಮುಂದಿನ ಶ್ರಾವಣಕ್ಕ ಜ್ವಾಳ ಎಷ್ಟು ಬೇಕಾಗ್ತದ, ಈಗs ಹೇಳು. ರಾಶಿ ಆದಾಗ ತಗೊಂಡಿಟ್ರ ಛಲೋ ಜ್ವಾಳ ಸಿಗ್ತಾವ.”

“ಎಷ್ಟು ಮಂದಿ ಬರ್ತಾರ ಅಂತ ಗೊತ್ತಿಲ್ದ ಹ್ಯಾಂಗ ಹೇಳಲಿ ಅಮ್ಮಾ?”

“ಎಷ್ಟು ಮಂದಿ ಬರ್ತಾರ ಅನ್ನೂದು ಮ್ಯಾಲಿನವನಿಗೆ ಬಿಡು,” ಎಂದರು ದೊಡ್ಡಮ್ಮ. “ಅವರಾಗ ನಡಕೋತ ಬರೋರು ಎಷ್ಟು, ಆಟೋದಾಗ ಬರೋರು ಎಷ್ಟು, ಅದನ್ನ ನೀ ನೋಡು.”